ಪುಂಡಿ ಸೊಪ್ಪೂ ಸುಬೇದಾರ್ ಅಂಕಲ್ಲೂ

ಇವತ್ತು ಬೆಳಗ್ಗೆ ಮತ್ತೆ ಮೂರು ಹೋದವು. ನಿನ್ನೆ ಸಂಜೆವರೆಗೂ ನೆಟ್ಟಗಿದ್ದ ಪುಂಡಿ ಗಿಡಗಳು ತಲೆ ಬಗ್ಗಿಸಿ ನಿಂತಿದ್ದವು. ಬುಡ ಹಿಡಿದು ಸುಮ್ನೆ ಎತ್ತಿದರೆ ಲೋಟದಿಂದ ಬ್ರಷ್ ತೆಗೆದ ಹಾಗೆ ಬಂತು. ಬೇರು ಕಂದು, ಕೊಳೆತ ವಾಸನೆ. ಮೂವತ್ತು ಗಿಡದಲ್ಲಿ ಉಳಿದಿರೋದು ಎಂಟು.

ಪುಂಡಿ ಅಂದ್ರೆ ಗೊತ್ತಲ್ವಾ, ಉತ್ತರ ಕರ್ನಾಟಕದವರು ಜೋಳದ ರೊಟ್ಟಿ ಜೊತೆ ತಿನ್ನುವ ಹುಳಿ ಸೊಪ್ಪು. ನನ್ನ ಹೆಂಡತಿ ವಿಜಯಪುರದವಳು. ಮದುವೆಯಾಗಿ ಕೊಡಗಿಗೆ ಬಂದಮೇಲೆ ಅಕ್ಕಿಯುಂಡೆ ಕಡಂಬುಟ್ಟಿಗೆ ಹೊಂದಿಕೊಂಡಳು, ಎಳೆ ಬಿದಿರಿನ ಕಣಿಲೆಗೆ ಹೊಂದಿಕೊಂಡಳು, ತಿಂಗಳುಗಟ್ಟಲೆ ಒಣಗದ ಬಟ್ಟೆಗೂ ಹೊಂದಿಕೊಂಡಳು. ಪುಂಡಿ ಪಲ್ಯ ಮಾತ್ರ ಮರೆಯಲಿಲ್ಲ. ಮೇ ತಿಂಗಳಲ್ಲಿ ತವರಿಗೆ ಹೋದವಳು ಬೀಜ ಕಟ್ಟಿಕೊಂಡು ಬಂದಳು.

ನಮ್ಮ ಹಿತ್ತಲಿನ ಮಣ್ಣು ಅಂಟು ಜೇಡಿ. ನೀರು ಇಳಿಯೋದೇ ಇಲ್ಲ ಅಂತ ಅತ್ತೆಗೆ ಫೋನಲ್ಲಿ ಹೇಳಿದೆ. "ನಮ್ಮ ಎರಿ ಹೊಲದಾಗ ಆಳೆತ್ತರ ಬೆಳೀತದ್ರೀ, ನಿಮ್ಮ ಮಣ್ಣಿಗೇನ್ ಧಾಡಿ?" ಅಂದರು. ಎರೆಮಣ್ಣೂ ಜೇಡಿಯೇ, ನಿಜ. ಆದರೆ ವಿಜಯಪುರದಲ್ಲಿ ವರ್ಷಪೂರ್ತಿ ಸುರಿಯೋ ಮಳೆಗಿಂತ ಜಾಸ್ತಿ ಮಡಿಕೇರಿಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಸುರಿಯುತ್ತೆ. ಅದನ್ನ ಅತ್ತೆಗೆ ಹೇಳುವ ಧೈರ್ಯ ನನಗಿಲ್ಲ.

ಒಂದು ಅಡಿ ಗುಂಡಿ ತೋಡಿ, ನೀರು ತುಂಬಿಸಿ, ಎಷ್ಟು ಗಂಟೆಯಲ್ಲಿ ಇಂಗುತ್ತೆ ನೋಡಿ ಅಂತ ಒಂದು ವಿಡಿಯೊದಲ್ಲಿ ಹೇಳಿದ್ದರು. ನಾನು ಗುಂಡಿ ತೋಡಿ ಬಕೆಟ್ ತರೋಕೆ ಹೋಗಿ ಬರೋದರೊಳಗೆ ಗುಂಡಿ ತುಂಬಿತ್ತು. ಎರಡು ದಿನ ಬಿಟ್ಟು ನೋಡಿದರೆ ಅದರಲ್ಲೊಂದು ಕಪ್ಪೆ ಸಂಸಾರ ಹೂಡಿತ್ತು. ಇನ್ನೊಂದು ವಿಡಿಯೊ ಮರಳು ಬೆರೆಸಿ ಅಂದಿತು. ಎರಡು ಚೀಲ ಬೆರೆಸಿದೆ. ಜೇಡಿಗೆ ಚೂರುಪಾರು ಮರಳು ಬೆರೆಸಿದರೆ ಸಿಗೋದು ತೋಟದ ಮಣ್ಣಲ್ಲ, ಹಸಿ ಇಟ್ಟಿಗೆ ಅಂತ ಆಮೇಲೆ ತಿಳೀತು. ಜಿಪ್ಸಮ್ ಹಾಕಿ ಅಂದವರೂ ಇದ್ದರು. ಅದು ಕ್ಷಾರದ ಮಣ್ಣಿಗೆ ಸರಿ, ನಮ್ಮದೋ ಹುಳಿ ಮಣ್ಣು. ಕೊನೆಗೆ ಒಂದೂವರೆ ಅಡಿ ಎತ್ತರದ ಮಡಿ ಏರಿಸಿ, ಕೊಳೆತ ಕಾಫಿ ಸಿಪ್ಪೆ, ಸಗಣಿ ಗೊಬ್ಬರ ಸುರಿದು, ಬದಿಯಲ್ಲಿ ಚರಂಡಿ ಕಡಿದೆ. ಈಗ ಬದುಕಿರುವ ಎಂಟೂ ಆ ಮಡಿಯ ಮೇಲಿನವೇ.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಬೇಲಿಯಾಚೆ ಸುಬೇದಾರ್ ಅಂಕಲ್ ಇದ್ದಾರಲ್ಲ.

ಪುಂಡಿಯ ಗುಣ ಏನಂದ್ರೆ, ಚಿಕ್ಕದಿದ್ದಾಗ ಎಲೆ ಪಾಪದ್ದು, ಹೃದಯದ ಆಕಾರ. ಮೊಣಕಾಲೆತ್ತರ ದಾಟಿದ ಮೇಲೆ ಹೊಸ ಎಲೆಗಳು ಬೆರಳು ಬಿಡೋಕೆ ಶುರು. ಮೂರು, ಐದು, ಅಂಚಿಗೆ ಗರಗಸದ ಹಲ್ಲು ಬೇರೆ. ದೂರದಿಂದ ನೋಡಿದರೆ ಥೇಟ್ ಗಾಂಜಾ.

ಜುಲೈನ ಒಂದು ಬೆಳಗ್ಗೆ ಬೇಲಿ ಮೇಲೆ ಕಪ್ಪು ಕೊಡೆ ಕಾಣಿಸಿತು. ಕೊಡೆ ಕೆಳಗೆ ಅಂಕಲ್. ಗಿಡ ನೋಡಿದರು, ನನ್ನ ನೋಡಿದರು, ಮತ್ತೆ ಗಿಡ ನೋಡಿದರು. "ನಾನೇನೂ ಹೇಳಲ್ಲಪ್ಪ" ಅಂದು ಹೋದರು. ಮಾರನೇ ದಿನ ಮತ್ತೆ ಕೊಡೆ. ಬೆರಳು ಮಡಚಿ ಎಲೆಯ ಸೀಳು ಎಣಿಸಿದರು. "ಐದಿದೆ. ನಾನೇನೂ ಹೇಳಲ್ಲ." ಮೂರನೇ ದಿನ, ಯಾರೂ ಕೇಳದೆ, "1985ರ ಕಾಯ್ದೆ. ಗಿಡ ಬೆಳೆಸಿದರೆ 10 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಸುಮ್ನೆ ಜನರಲ್ ನಾಲೆಜ್‌ಗೆ ಹೇಳಿದೆ" ಅಂದರು.

ಆಟಿ ತಿಂಗಳ ಹದಿನೆಂಟನೇ ದಿನ ಮದ್ದು ಸೊಪ್ಪಿನ ನೇರಳೆ ಪಾಯಸ ತಿಂದು, ಮೂತ್ರ ಕೆಂಪಗಾದರೆ "ಮದ್ದು ಹತ್ತಿದೆ" ಅಂತ ಖುಷಿಪಡುವ ಮನುಷ್ಯ ಇವರು. ನನ್ನ ಸೊಪ್ಪಿನ ಮೇಲೆ ಮಾತ್ರ ಅನುಮಾನ!

ನಾನು ಎಲೆ ಕಿತ್ತು ತೋರಿಸಿದೆ. ಗಾಂಜಾದಲ್ಲಿ, ಅಂದ್ರೆ ಕ್ಯಾನಬಿಸ್‌ನಲ್ಲಿ, ಒಂದೊಂದು ಬೆರಳೂ ಬೇರೆ ಬೇರೆ ಕಿರು ಎಲೆ ಅಂಕಲ್, ಇದರಲ್ಲಿ ಒಂದೇ ಎಲೆ ಸೀಳಿದೆ, ಇದು ದಾಸವಾಳದ ಜಾತಿ ಅಂದೆ. ನಂಬಲಿಲ್ಲ. ಮೊಬೈಲಲ್ಲಿ ಇದರ ಶಾಸ್ತ್ರೀಯ ಹೆಸರು ತೆಗೆದು ಕೈಗೆ ಕೊಟ್ಟೆ. ಅದೇ ನಾನು ಮಾಡಿದ ತಪ್ಪು. 'ಹಿಬಿಸ್ಕಸ್ ಕ್ಯಾನಬಿನಸ್'. ಅಂಕಲ್ ಕನ್ನಡಕ ಸರಿಮಾಡಿಕೊಂಡು ಎರಡನೇ ಪದ ಮಾತ್ರ ಎರಡು ಸಲ ಓದಿದರು. "ಹೆಸರಲ್ಲೇ ಇದೆಯಲ್ಲೋ!"

ತಲೆ ಕೆಟ್ಟು, ನೋಡಿ ಬೇಕಾದ್ರೆ ಅಂತ ನಾಲ್ಕು ಎಲೆ ಬಾಯಿಗೆ ಹಾಕಿ ಅಗಿದೆ. ಹಸಿ ಪುಂಡಿಯ ಹುಳಿ ಎಂಥದ್ದು ಅಂತ ತಿಂದವರಿಗೇ ಗೊತ್ತು. ಒಂದು ಕಣ್ಣು ತಾನಾಗಿಯೇ ಮುಚ್ಚಿತು, ಇನ್ನೊಂದರಲ್ಲಿ ನೀರು, ಮುಖ ಹಿಂಡಿದ ನಿಂಬೆಹಣ್ಣು. ಅಂಕಲ್ ಒಂದು ಹೆಜ್ಜೆ ಹಿಂದೆ ಸರಿದು ಮೆಲ್ಲಗೆ ಕೇಳಿದರು, "ಹತ್ತಿತಾ?" ನನಗೆ ನಗು ತಡೆಯೋಕಾಗಲಿಲ್ಲ. "ಹ್ಞಾ, ನಗು ಬೇರೆ ಶುರುವಾಯ್ತು" ಅಂತ ಕೊಡೆ ಮಡಚಿಕೊಂಡು ಮಳೆಯಲ್ಲೇ ಒಳಗೆ ಓಡಿದರು.

ಈ ಜಾಗ ಮೊದಲು ನಮ್ಮ ಗದ್ದೆ. ಮನೆ ಕಟ್ಟುವಾಗ ಮೇಲೆ ಒಂದಿಷ್ಟು ಮಣ್ಣು ತುಂಬಿಸಿದೆವು, ಅಷ್ಟೇ. ಅಪ್ಪ, ಅಜ್ಜ ಎಲ್ಲ ಇದೇ ಕೆಸರನ್ನ ಉತ್ತು, ತುಳಿದು, ನೀರು ಇಳಿಯದ ಹಾಗೆ ತಳ ಗಟ್ಟಿ ಮಾಡಿದ್ದು. ನಾಟಿಗೆ ನೀರು ನಿಲ್ಲಲಿ ಅಂತ. ನಾನು ನೀರು ಹೋಗು ಅಂತ ಬೈತಾ ಇದ್ದೀನಿ. ಈಗಲೂ ಜೋರು ಮಳೆಯ ರಾತ್ರಿ ಏಡಿಗಳು ಹಿತ್ತಲಿಗೆ ಬರುತ್ತವೆ, ಅಡುಗೆ ಮನೆ ಮೆಟ್ಟಿಲ ತನಕ ಬಂದು ನಿಲ್ಲುತ್ತವೆ. ಗದ್ದೆ ಎಲ್ಲಿ ಅಂತ ಹುಡುಕುತ್ತವೋ ಏನೋ.

ಮೊನ್ನೆ ಅಂತೂ ಇಂತೂ ಒಂದು ಪಾತ್ರೆ ಪಲ್ಯ ಆಯ್ತು. ಬೆಳ್ಳುಳ್ಳಿ, ಹಸಿಮೆಣಸು, ಜೋಳದ ನುಚ್ಚು ಹಾಕಿ. ಹೆಂಡತಿ ಮಾತಾಡದೆ ಮೂರು ರೊಟ್ಟಿ ತಿಂದಳು. ಆಮೇಲೆ ಒಂದು ಡಬ್ಬಿ ಬೇಲಿಯಾಚೆಗೂ ಕಳಿಸಿದಳು. ಬೇಡ ಅಂದೆ, ಕೇಳಲಿಲ್ಲ.

ಇವತ್ತು ಬೆಳಗ್ಗೆ ಸತ್ತ ಮೂರು ಗಿಡ ಕೈಯಲ್ಲಿ ಹಿಡಿದು ನಿಂತಿದ್ದೆನಲ್ಲ, ಆಗ ಕೊಡೆ ಬಂತು. ಗೇಟ್ ಹತ್ತಿರ ಹಾಲಿನ ಹುಡುಗ ಕ್ಯಾನ್ ಇಳಿಸ್ತಾ ಇದ್ದ. ಅಂಕಲ್ ಆಚೆ ಈಚೆ ನೋಡಿ, ಬೇಲಿಗೆ ಬಾಗಿ, ದನಿ ತಗ್ಗಿಸಿ ಕೇಳಿದರು. ಆದರೆ ಪರೇಡ್ ಮಾಡಿಸಿದ ಗಂಟಲು, ತಗ್ಗಿಸಿದರೂ ರಸ್ತೆವರೆಗೆ ಕೇಳಿಸುತ್ತೆ.

"ನಿನ್ನ ಸೊಪ್ಪು ಭಾರೀ ಇತ್ತು ಮಾರಾಯ. ಇನ್ನೂ ಸ್ವಲ್ಪ ಸಿಗುತ್ತಾ?"

ಹಾಲಿನ ಹುಡುಗ ನನ್ನ ಮುಖ ನೋಡಿದ, ಕೈಯಲ್ಲಿದ್ದ ಗಿಡ ನೋಡಿದ. ಅರ್ಧ ಲೀಟರ್ ಹಾಲು ಕೊಡೋದನ್ನೂ ಮರೆತು ಬೈಕ್ ಹತ್ತಿದ.