ಲ್ಯಾಪ್‌ಲ್ಯಾಂಡಿಗೆ ಬರೋರು ಒಂದೇ ಊರಲ್ಲಿ ಉಳೀರಿ

ಇವತ್ತು ಬೆಳಿಗ್ಗೆ ಭಾವ ಟೂರ್ ಕಂಪನಿಯ ಒಂದು ಪಿಡಿಎಫ್ ಕಳಿಸಿ "ಹೆಂಗಿದ್ದು ನೋಡಿ ಹೇಳಾ" ಅಂದ. ನೋಡಿದೆ. ಅಲ್ಲಿಂದ ತಲೆ ಕೆಟ್ಟಿದೆ. ಇಲ್ಲಿ ಬರೆದು ಹಾಕದಿದ್ದರೆ ಸಮಾಧಾನ ಆಗಲ್ಲ, ಯಾಕಂದ್ರೆ ಇಂಥ ಪಿಡಿಎಫ್ ನಮ್ಮ ಮನೆಯವರಿಗೆ ಮಾತ್ರ ಬರ್ತಿರೋದಲ್ಲ. ಫಿನ್ಲೆಂಡಿನ ಔಲುವಿಗೆ ಬಂದು ನೆಲೆಸಿದ ಮೇಲೆ ಪ್ರತಿ ವರ್ಷ ದಸರಾ ಮುಗೀತಿದ್ದ ಹಾಗೆ ಗೆಳೆಯರು, ನೆಂಟರು, ನೆಂಟರ ಆಫೀಸಿನವರು ಕಳಿಸೋದು ಇದೇ ಯಾದಿಯನ್ನೇ. ಕಂಪನಿ ಹೆಸರು ಬೇರೆ, ಒಳಗಿನ ಸರಕು ಒಂದೇ.

ಏಳು ದಿನ. ಮೂರು ದೇಶ. ಐದು ಊರು. ಫಿನ್ಲೆಂಡಿನ ಹೆಲ್ಸಿಂಕಿ, ರೊವಾನಿಯೆಮಿ, ನಾರ್ವೆಯ ಟ್ರೊಮ್ಸೊ, ಲೊಫೋಟೆನ್, ಸ್ವೀಡನ್ನಿನ ಸ್ಟಾಕ್‌ಹೋಮ್. ಡಿಸೆಂಬರ್ ಕೊನೇ ವಾರ. ಹೊರಟಿರೋರು ಅಕ್ಕ, ಭಾವ, ಇಬ್ಬರು ಮಕ್ಕಳು, ಜೊತೆಗೆ ಎಪ್ಪತ್ತು ದಾಟಿದ ಅಕ್ಕನ ಅತ್ತೆ. ಮೂರನೇ ದಿನದ ಪಟ್ಟಿಯಲ್ಲಿ ಹೀಗಿದೆ: ಬೆಳಿಗ್ಗೆ ಸಾಂಟಾ ಕ್ಲಾಸ್ ವಿಲೇಜ್, ಮಧ್ಯಾಹ್ನ ನಾಯಿಗಳು ಎಳೆಯೋ ಹಸ್ಕಿ ಗಾಡಿ, ಸಂಜೆ ಹಿಮಸಾರಂಗದ ಗಾಡಿ, ರಾತ್ರಿ 9ರಿಂದ 11 ನಾರ್ದರ್ನ್ ಲೈಟ್ಸ್, ಅಂದ್ರೆ ಧ್ರುವಪ್ರಭೆಯ ದರ್ಶನ. ಮರುದಿನ ಬೆಳಿಗ್ಗೆ ಆರಕ್ಕೆ ಬಸ್ಸು ಹತ್ತಿ ಟ್ರೊಮ್ಸೊಗೆ.

ರೊವಾನಿಯೆಮಿಯಿಂದ ಟ್ರೊಮ್ಸೊ ಅಂದ್ರೆ ಹಿಮ ಕವಿದ ರಸ್ತೆಯಲ್ಲಿ ಎಂಟು ಗಂಟೆಗೆ ಕಮ್ಮಿ ಇಲ್ಲ. ಆ ವಾರ ರೊವಾನಿಯೆಮಿಯಲ್ಲಿ ಸೂರ್ಯ ದಿಗಂತದ ಮೇಲೆ ಇರೋದು ಎರಡು ಗಂಟೆ ಚಿಲ್ಲರೆ. ಟ್ರೊಮ್ಸೊದಲ್ಲಿ ಅದೂ ಇಲ್ಲ. ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ದಿಗಂತದ ಮೇಲೆ ಬರೋದೇ ಇಲ್ಲ, ಸುತ್ತ ಬೆಟ್ಟ ಇರೋದ್ರಿಂದ ಊರಿನವರು ಬಿಸಿಲು ಕಾಣೋಕೆ ಜನವರಿ 21ರ ಹೊತ್ತಿಗೆ ಕಾಯ್ತಾರೆ. ಅಂದ್ರೆ ಆ ಇಡೀ ಪ್ರಯಾಣದಲ್ಲಿ ಬಸ್ಸಿನ ಕಿಟಕಿ ಬಹುಪಾಲು ಕಪ್ಪು. ಒಳಗೆ ಹೀಟರು, ಮೈಮೇಲೆ ಜಾಕೀಟು, ವಾಂತಿ ಮಾಡ್ಕೊಳ್ಳೋ ಮಗು. ಲಕ್ಷಗಟ್ಟಲೆ ಕೊಟ್ಟು ಇದನ್ನು ಯಾಕೆ ಕೊಳ್ಳಬೇಕು?

ನಾನು ಹೇಳೋದು ಒಂದೇ ಮಾತು, ಎಷ್ಟು ಸಲ ಹೇಳಿದ್ರೂ ಇದನ್ನೇ ಹೇಳ್ತೀನಿ. ಲ್ಯಾಪ್‌ಲ್ಯಾಂಡಿಗೆ, ಅಂದ್ರೆ ಈ ದೇಶಗಳ ಉತ್ತರ ತುದಿಗೆ ಬರೋರು ಒಂದು ಊರು ಆರಿಸ್ಕೊಳ್ಳಿ, ಅಲ್ಲೇ ಒಂದು ವಾರ ಉಳೀರಿ.

ಮೊದಲು ಆ ಬೆಳಕಿನ ಕತೆಯನ್ನೇ ತಗೊಳ್ಳಿ, ಎಲ್ಲರೂ ಬರೋದು ಅದಕ್ಕೇ ತಾನೆ. ಸೂರ್ಯನಿಂದ ಹೊರಟ ವಿದ್ಯುದಾವೇಶದ ಕಣಗಳನ್ನು ಭೂಮಿಯ ಕಾಂತಕ್ಷೇತ್ರ ಧ್ರುವದ ಸುತ್ತಿನ ಒಂದು ಪಟ್ಟಿಗೆ ಎಳೆದು ತರುತ್ತೆ. ಅವು ಮೇಲಿನ ಗಾಳಿಯ ಆಕ್ಸಿಜನ್‌ಗೆ ಬಡಿದಾಗ ನಾವು ಫೋಟೋದಲ್ಲಿ ನೋಡೋ ಹಸಿರು. ಇದು ನಡೆಯೋದು ನೆಲದಿಂದ 100 ಕಿಲೋಮೀಟರಿಗೂ ಮೇಲೆ. ಮೋಡ ಇರೋದು 10 ಕಿಲೋಮೀಟರ್ ಒಳಗೆ. ಮೇಲೆ ಏನೇ ಉತ್ಸವ ನಡೀತಿದ್ದರೂ ಕೆಳಗೆ ಮೋಡ ಮುಚ್ಚಿದ್ರೆ ನಿಮಗೆ ಕಾಣೋದು ಬೂದು ಮೋಡ ಮಾತ್ರ. ಮೊಬೈಲಿನಲ್ಲಿ ಭೂಮಿಯ ಕಾಂತಕ್ಷೇತ್ರದ ಕಲಕಾಟ ಅಳೆಯೋ ಕೆಪಿ ಸೂಚ್ಯಂಕ ಎಷ್ಟೇ ತೋರಿಸಲಿ, ಮೋಡದ ಮುಂದೆ ಅದು ಏನೂ ಮಾಡಲ್ಲ.

ಫಿನ್ಲೆಂಡಿನ ಹವಾಮಾನ ಇಲಾಖೆಯವರ ಲೆಕ್ಕದಲ್ಲಿ ತೀರಾ ಉತ್ತರದ ಕಿಲ್ಪಿಸ್‌ಯಾರ್ವಿಯಲ್ಲಿ, ಆಕಾಶ ತಿಳಿಯಾಗಿದ್ದರೆ, ನಾಲ್ಕು ರಾತ್ರಿಗೆ ಮೂರು ರಾತ್ರಿ ಧ್ರುವಪ್ರಭೆ ಇರುತ್ತೆ. ಅಲ್ಲಿಂದ ದಕ್ಷಿಣದ ಸೊಡಾಂಕ್ಯುಲಾದಲ್ಲಿ ಎರಡಕ್ಕೊಂದು ರಾತ್ರಿ. ಅಂದ್ರೆ ಬೆಳಕಿಗೆ ಬರ ಇಲ್ಲ. ಬರ ಇರೋದು ತಿಳಿ ಆಕಾಶಕ್ಕೆ. ಅದಕ್ಕೆ ಮದ್ದು ಕಾಯೋದು ಮಾತ್ರ. ಟ್ರೊಮ್ಸೊದ ಗೈಡುಗಳು ಮೋಡ ಇಲ್ಲದ ತುಂಡು ಆಕಾಶ ಹುಡುಕಿಕೊಂಡು ರಾತ್ರಿ ಇಡೀ ವ್ಯಾನು ಓಡಿಸ್ತಾರೆ, ಕೆಲವು ಸಲ ಗಡಿ ದಾಟಿ ಫಿನ್ಲೆಂಡಿನೊಳಕ್ಕೇ ಬಂದುಬಿಡ್ತಾರೆ, ಬೆಳಗಿನ ಜಾವ ವಾಪಸ್. ಹುಟ್ಟಿ ಬೆಳೆದವರೇ ಹೀಗೆ ಹುಡುಕ್ತಿರುವಾಗ 9ರಿಂದ 11 ಅಂತ ಪಟ್ಟಿಯಲ್ಲಿ ಬರೆಯೋರಿಗೆ ಈ ಆಕಾಶದ ಗಂಧವೂ ಇಲ್ಲ. ಎರಡು ರಾತ್ರಿ, ಅದರಲ್ಲೂ ಎರಡೆರಡು ಗಂಟೆ. ಮೋಡ ಬಂತು ಅಂದ್ರೆ ಅಕ್ಕನ ಅತ್ತೆ ಮೈನಸ್ ಇಪ್ಪತ್ತರಲ್ಲಿ ನಿಂತು, ಏನೂ ಕಾಣದೆ ವಾಪಸ್ ಬರ್ತಾರೆ.

"ಈ ವರ್ಷ ತಪ್ಪಿದ್ರೆ ಇನ್ನು ಹನ್ನೊಂದು ವರ್ಷ ಕಾಯಬೇಕು" ಅಂತ ಒಂದು ಹೆದರಿಕೆ ಬೇರೆ ಹುಟ್ಟಿಸಿದ್ದಾರೆ. ಸೂರ್ಯನ ಚಟುವಟಿಕೆ ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಏರಿ ಇಳಿಯುತ್ತೆ, ಅದೇ ಸೌರಚಕ್ರ; ಈಗಿನದು 2024ರಲ್ಲಿ ಉತ್ತುಂಗ ಮುಟ್ಟಿದ್ದು ನಿಜ. ಅದೇ ವರ್ಷ ಮೇ ತಿಂಗಳ ಸೌರ ಬಿರುಗಾಳಿಗೆ ಲಡಾಖಿನ ಹಾನ್ಲೆಯಲ್ಲೂ ಕೆಂಪು ಬೆಳಕು ಕಂಡಿತ್ತು, ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ ಇರೋ ಜಾಗ ಅದು. ಅಷ್ಟು ದಕ್ಷಿಣದಲ್ಲಿ ಕಾಣಬೇಕಾದ್ರೆ ದೊಡ್ಡ ಬಿರುಗಾಳಿಯೇ ಬೇಕು. ಆದರೆ ಫಿನ್ಲೆಂಡಿನ ಇನಾರಿ, ಸ್ವೀಡನ್ನಿನ ಅಬಿಸ್ಕೊ, ಟ್ರೊಮ್ಸೊ ಇರೋದು ಧ್ರುವದ ಸುತ್ತಿನ ಆ ಪಟ್ಟಿಯ ಕೆಳಗೇ. ಸೂರ್ಯ ಸುಮ್ಮನಿರೋ ವರ್ಷಗಳಲ್ಲೂ ಅಲ್ಲಿ ಬೆಳಕು ಬರುತ್ತೆ. ಹೆದರಿಸಿ ಟಿಕೆಟ್ ಬುಕ್ ಮಾಡಿಸೋದು ನನಗೆ ಸಹಿಸೋಕೆ ಆಗಲ್ಲ. ಜನ ಸಾಲ ಮಾಡಿ ಬರ್ತಾರೆ ಸ್ವಾಮಿ.

ಭಾವನ ವಾದವೂ ಗೊತ್ತು. "ರಜೆ ಸಿಗೋದೇ ಒಂದು ವಾರ, ಮತ್ತೆ ಜೀವಮಾನದಲ್ಲಿ ಬರ್ತೀವೋ ಇಲ್ಲವೋ, ಷೆಂಗೆನ್ ವೀಸಾ ಒಂದರಲ್ಲೇ ಮೂರೂ ದೇಶ ಆಗುತ್ತೆ, ಬಂದದ್ದಕ್ಕೆ ಎಲ್ಲ ನೋಡ್ಕೊಂಡು ಹೋಗೋದು." ರಜೆ ಕಷ್ಟ ಅನ್ನೋದು ಅರ್ಥ ಆಗುತ್ತೆ, ದುಡ್ಡಿನ ಕಷ್ಟವೂ ಅರ್ಥ ಆಗುತ್ತೆ. ಆದರೆ ಅದಕ್ಕೇ ಅಲ್ವಾ ನಾನು ಬಡ್ಕೊಳ್ತಿರೋದು? ಇರೋ ಏಳು ದಿನದಲ್ಲಿ ಮೂರು ದಿನ ಏರ್‌ಪೋರ್ಟು, ಬಸ್ಸು, ಚೆಕ್ಕಿನ್ನು, ಚೆಕ್ಕೌಟು ಅಂತ ಹೋದ್ರೆ ಉಳಿಯೋದೇನು? ಒಳಗಿನ ವಿಮಾನ, ಐದು ಊರಿನ ಹೋಟೆಲ್, ಇಷ್ಟರ ದುಡ್ಡನ್ನು ಒಟ್ಟು ಮಾಡಿದ್ರೆ ಅಡುಗೆಮನೆ, ಸೌನಾ (ಬಿಸಿ ಹಬೆಯ ಕೋಣೆ) ಇರೋ ಒಂದು ಮರದ ಮನೆ ವಾರಕ್ಕೆ ಬಾಡಿಗೆಗೆ ಸಿಗುತ್ತೆ. ಅನ್ನ ಸಾರು ಮಾಡ್ಕೊಂಡು ತಿನ್ನಬಹುದು, ಸಸ್ಯಾಹಾರಿಗಳಿಗೆ ಅದೇ ದೊಡ್ಡ ನೆಮ್ಮದಿ. ಅತ್ತೆಗೆ ಸುಸ್ತಾದ್ರೆ ಒಳಗೆ ಮಲಗಬಹುದು. ನಡುರಾತ್ರಿ ಒಂದಕ್ಕೆ ಆಕಾಶ ಬಿಚ್ಚಿಕೊಂಡ್ರೆ ಬಾಗಿಲು ತೆಗೆದು ಹೊರಗೆ ನಿಂತ್ರೆ ಆಯ್ತು. ಸ್ಟಾಕ್‌ಹೋಮ್ ಎಲ್ಲಿಗೂ ಓಡಿಹೋಗಲ್ಲ, ಬೇಸಿಗೆಯಲ್ಲಿ ನೋಡಿ, ಚೆನ್ನಾಗಿರುತ್ತೆ.

ಅಪ್ಪಯ್ಯ ಬಂದಿದ್ದು ಫೆಬ್ರವರಿಯಲ್ಲಿ. ಸಾಗರದ ತೋಟ ಬಿಟ್ಟು ಅಷ್ಟು ದೂರ ಅವರು ಬಂದಿದ್ದೇ ಹೆಚ್ಚು. ಇನಾರಿಯಲ್ಲಿ ಮನೆ ಮಾಡ್ಕೊಂಡು ಉಳಿದಿದ್ವಿ, ರಾತ್ರಿ ರಾತ್ರಿಯೂ ಮೋಡ. ಒಂದು ಎಳೆ ಹಸಿರು ಕೂಡ ಅವರಿಗೆ ಕಾಣಲಿಲ್ಲ. ನನಗೆ ಒಳಗೊಳಗೇ ಅಳು ಬಂದಿತ್ತು. ಅವರ ಮಂಡಿ ನೋವು ನನಗೆ ಗೊತ್ತು, ಮತ್ತೆ ಕರ್ಕೊಂಡು ಬರೋಕೆ ಆಗಲ್ಲ ಅಂತಲೂ ಗೊತ್ತು.

ಆದರೆ ಆ ಮನುಷ್ಯ ಊರಿಗೆ ಹೋಗಿ ಇವತ್ತಿಗೂ ಎಲ್ಲರ ಹತ್ರ ಹೇಳೋದು ಏನು ಗೊತ್ತಾ? ಇನಾರಿ ಕೆರೆಯ ಕತೆ. ಕೆರೆ ಅಂದೆ, ಸಾವಿರ ಚದರ ಕಿಲೋಮೀಟರಿಗೂ ಮೀರಿದ ನೀರು ಅದು, ಒಳಗೆ ಮೂರು ಸಾವಿರಕ್ಕೂ ಹೆಚ್ಚು ದ್ವೀಪ. ಚಳಿಗಾಲದಲ್ಲಿ ಅಷ್ಟೂ ಹೆಪ್ಪುಗಟ್ಟಿರುತ್ತೆ. ದಡದಿಂದ ಸ್ವಲ್ಪ ದೂರ ಒಬ್ಬ ಮುದುಕ ಪುಟ್ಟ ಸ್ಟೂಲ್ ಹಾಕ್ಕೊಂಡು ಕೂತಿದ್ದ. ಕೈಯಲ್ಲಿ ತಿರುಗಿಸೋ ದೊಡ್ಡ ಬೈರಿಗೆಯಿಂದ ಮಂಜುಗಡ್ಡೆ ಕೊರೀತಾ ಇದ್ದ, ಅರ್ಧ ಮೀಟರಿಗೂ ದಪ್ಪ, ಸುರುಳಿ ಸುರುಳಿಯಾಗಿ ಬಿಳಿ ಪುಡಿ ಮೇಲೆ ಬರ್ತಿತ್ತು. ಕೊನೆಗೆ ಬೈರಿಗೆ ಒಮ್ಮೆಲೇ ಕೆಳಕ್ಕೆ ಇಳಿದು ಕಪ್ಪು ನೀರು ತುಳುಕಿತು. ಜಾಲರಿ ಸೌಟಿನಿಂದ ತೂತಿನೊಳಗಿನ ಪುಡಿ ತೆಗೆದ, ಗೇಣುದ್ದದ ಕೋಲಿನಿಂದ ಗಾಳ ಇಳಿಬಿಟ್ಟ. ಇಲ್ಲಿ ಹೀಗೆ ಮಂಜಿನ ಮೇಲೆ ಕೂತು ಗಾಳ ಹಾಕೋಕೆ ಯಾರ ಪರವಾನಗಿಯೂ ಬೇಡ, ಎಲ್ಲರ ಹಕ್ಕು ಅದು. ಅಪ್ಪಯ್ಯ ಹುಟ್ಟಿದಾಗಿಂದ ಮೀನು ಮುಟ್ಟಿದವರಲ್ಲ. ಆದರೂ ಅರ್ಧ ಗಂಟೆ ಅವನ ಪಕ್ಕ ನಿಂತು ನೋಡಿದರು. "ಹೆಂಗೆ ಕೂತ್ಗಂಡಿದ್ದ ನೋಡಾ" ಅಂತ ನನ್ನ ಕೈ ಹಿಡಿದು ಹೇಳಿದರು. ಮುದುಕ ಅಪ್ಪಯ್ಯನಿಗೆ ಫ್ಲಾಸ್ಕಿನಿಂದ ಕಾಫಿ ಕೊಟ್ಟ. ಭಾಷೆ ಇಬ್ಬರಿಗೂ ಇಲ್ಲ. ಮಾರನೇ ದಿನವೂ ಅದೇ ಹೊತ್ತಿಗೆ ಅಪ್ಪಯ್ಯ ಬೂಟು ಹಾಕ್ಕೊಂಡು ರೆಡಿ.

ಒಂದೇ ಊರಲ್ಲಿ ಉಳಿದಿದ್ದಕ್ಕೆ ಆ ಮಾರನೇ ದಿನ ಸಿಕ್ಕಿದ್ದು. ಪಿಡಿಎಫ್‌ನವರ ಲೆಕ್ಕದಲ್ಲಿ ನಾವು ಅಷ್ಟು ಹೊತ್ತಿಗೆ ಬಸ್ಸಿನಲ್ಲಿ ಇರಬೇಕಿತ್ತು.

ಅಲ್ಲೇ ಇನಾರಿಯಲ್ಲಿ ಈ ಉತ್ತರದ ಮೂಲನಿವಾಸಿಗಳಾದ ಸಾಮಿ ಜನರ ವಸ್ತುಸಂಗ್ರಹಾಲಯ ಇದೆ, ಸೀಡಾ ಅಂತ. ಹೆಲ್ಸಿಂಕಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಇದ್ದ ಸಾಮಿಗಳ ಎರಡು ಸಾವಿರಕ್ಕೂ ಹೆಚ್ಚು ವಸ್ತುಗಳನ್ನು 2021ರಲ್ಲಿ ಅವರ ಊರಿಗೇ ವಾಪಸ್ ಕೊಟ್ಟರು, ಅವು ಈಗ ಇಲ್ಲಿವೆ. ತೊಟ್ಟಿಲು, ಟೋಪಿ, ಚಾಕು, ಹಿಮಸಾರಂಗದ ಕೊರಳಪಟ್ಟಿ. ಅರ್ಧ ದಿನ ಬೇಕು ನೋಡೋಕೆ. ನಮ್ಮವರ ಯಾದಿಯಲ್ಲಿ ಇದರ ಸುಳಿವೇ ಇರಲ್ಲ. ಬದಲಿಗೆ ಯಾರಿಗೋ ಬಣ್ಣದ ಅಂಗಿ ತೊಡಿಸಿ "ಸಾಮಿ ಅನುಭವ" ಅಂತ ಫೋಟೋ ತೆಗೆಸ್ತಾರೆ. ಆ ಉಡುಪಿನಲ್ಲಿ ಯಾವ ಊರು, ಯಾವ ಕುಟುಂಬ ಅನ್ನೋದು ಸಾಮಿಗಳಿಗೆ ಓದೋಕೆ ಬರುತ್ತೆ, ಸಿಕ್ಕಸಿಕ್ಕವರು ತೊಟ್ರೆ ಅವರಿಗೆ ನೋವಾಗುತ್ತೆ, ಅದನ್ನು ಅವರು ಬಹಿರಂಗವಾಗಿಯೇ ಹೇಳ್ತಾ ಬಂದಿದ್ದಾರೆ. ಹಸ್ಕಿ ಗಾಡಿಯಂತೂ ಇಲ್ಲಿನ ಸಾಮಿಗಳ ಸಂಪ್ರದಾಯವೇ ಅಲ್ಲ, ಪ್ರವಾಸಿಗರಿಗಾಗಿ ಬಂದದ್ದು. ಓಡಿಸಬೇಡಿ ಅಂತಲ್ಲ, ಮಕ್ಕಳಿಗೆ ಖುಷಿ ಆಗುತ್ತೆ. ಅದನ್ನೇ ಈ ನೆಲದ ಜನರ ಬದುಕು ಅಂದ್ಕೊಂಡು ಊರಿಗೆ ಹೋಗಬೇಡಿ.

ಹಿಮಸಾರಂಗ ಸಾಕೋರ ಹತ್ರ ಒಂದು ಗಂಟೆ ಮಾತಾಡೋಕೆ ಅವಕಾಶ ಸಿಕ್ರೆ ಬಿಡಬೇಡಿ. ನಡು ಚಳಿಗಾಲದಲ್ಲಿ ಮಳೆ ಬರೋದು ಈಗ ಅವರ ದೊಡ್ಡ ಚಿಂತೆ. ಹಿಮದ ಮೇಲೆ ಮಳೆ ಬಿದ್ದು ಹೆಪ್ಪುಗಟ್ಟಿದ್ರೆ ಮಂಜುಗಡ್ಡೆಯ ಪದರ ಆಗುತ್ತೆ, ಕೆಳಗಿನ ಕಲ್ಲುಹೂವನ್ನು ಪ್ರಾಣಿಗಳು ಗೊರಸಿನಿಂದ ಕೆರೆದು ತೆಗೆಯೋಕೆ ಆಗಲ್ಲ, ಹಸಿವಿನಿಂದ ಸಾಯ್ತವೆ. ಕೊಳೆರೋಗಕ್ಕೆ ಹೆದರಿ ಆಕಾಶ ನೋಡೋ ನಮ್ಮ ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳೋದೇ ಬೇಡ. ಅಪ್ಪಯ್ಯನಿಗೆ ತಕ್ಷಣ ಗೊತ್ತಾಯ್ತು.

ಯಾವಾಗ ಬರಬೇಕು? ನನ್ನ ಕೇಳಿದ್ರೆ ಫೆಬ್ರವರಿ ಕೊನೆ, ಮಾರ್ಚ್. ಹಿಮ ತುಂಬಿರುತ್ತೆ, ಹಗಲು ಹತ್ತು ಗಂಟೆಯ ಹತ್ತಿರ ಅಥವಾ ಇನ್ನೂ ಹೆಚ್ಚೇ ಇರುತ್ತೆ, ಫಿನ್ಲೆಂಡಿನ ಕಡೆ ಆಕಾಶ ನವೆಂಬರ್ ಡಿಸೆಂಬರಿಗಿಂತ ತಿಳಿ, ಹಗಲು ರಾತ್ರಿ ಸಮ ಇರೋ ವಿಷುವದ ಆಸುಪಾಸಿನಲ್ಲಿ ಧ್ರುವಪ್ರಭೆಯ ಚಟುವಟಿಕೆಯೂ ಹೆಚ್ಚು. ಮಕ್ಕಳ ಪರೀಕ್ಷೆ ಅಡ್ಡ ಬರುತ್ತೆ, ಗೊತ್ತು. ಹಾಗಿದ್ರೆ ದಸರಾ ರಜೆಗೆ ಬನ್ನಿ, ಹಿಮ ಇರಲ್ಲ, ಆದರೆ ಕೆರೆಗಳು ಇನ್ನೂ ಹೆಪ್ಪುಗಟ್ಟಿರಲ್ಲ, ಬೆಳಕು ನೀರಿನಲ್ಲೂ ಕಾಣುತ್ತೆ. ಡಿಸೆಂಬರೇ ಆಗಬೇಕು ಅನ್ನೋರು ಕತ್ತಲನ್ನೂ ನೋಡೋಕೆ ಅಂತಲೇ ಬನ್ನಿ. ಸೂರ್ಯ ಹುಟ್ಟದ ಊರಲ್ಲೂ ಹಗಲು ಹನ್ನೊಂದರ ಹೊತ್ತಿಗೆ ದಕ್ಷಿಣದ ಅಂಚು ಗುಲಾಬಿಯಾಗುತ್ತೆ, ಹಿಮವೆಲ್ಲ ನೀಲಿ, ಎರಡು ಮೂರು ಗಂಟೆ ಹಾಗೇ ಇರುತ್ತೆ. ಮೊದಲ ಚಳಿಗಾಲ ಈ ಕತ್ತಲು ನನ್ನನ್ನು ತುಂಬ ಹಿಂಡಿತ್ತು, ಊರಿನ ಫೋನ್ ಇಟ್ಟ ಮೇಲೆ ಸುಮ್ಮನೆ ಗೋಡೆ ನೋಡ್ತಾ ಕೂತಿರ್ತಿದ್ದೆ. ಈಗ ಆ ನೀಲಿ ಹೊತ್ತಿಗಾಗಿ ಕಾಯ್ತೀನಿ. ಸಾಂಟಾ ವಿಲೇಜಿನ ಸಾಲಿನಲ್ಲಿ ನಿಂತು ಆ ಮೂರು ಗಂಟೆ ಕಳೀಬೇಡಿ ಅಂತ ಕೈ ಮುಗಿದು ಕೇಳ್ಕೊಳ್ತೀನಿ.

ಬಟ್ಟೆ ಬಗ್ಗೆ ಬೇಗ ಹೇಳಿಬಿಡ್ತೀನಿ. ಮೈಗೆ ಅಂಟಿ ಕೂರೋ ಪದರ ಉಣ್ಣೆಯದ್ದಿರಲಿ, ಹತ್ತಿ ಬೇಡ, ಬೆವರು ಹೀರ್ಕೊಂಡು ಒದ್ದೆಯಾಗಿ ಮೈ ತಣ್ಣಗೆ ಮಾಡುತ್ತೆ. ಬೂಟು ಒಂದು ಸೈಜು ದೊಡ್ಡದು ತಗೊಳ್ಳಿ, ಬಿಗಿಯಾಗಿದ್ರೆ ಎಷ್ಟು ಸಾಕ್ಸ್ ಹಾಕಿದ್ರೂ ಬೆರಳು ಮರಗಟ್ಟುತ್ತೆ. ವಯಸ್ಸಾದವರಿಗೆ ಬೂಟಿನ ಅಡಿಗೆ ಸಿಕ್ಕಿಸೋ ಮೊಳೆಪಟ್ಟಿ ಕಡ್ಡಾಯ, ಇಲ್ಲಿನ ಯಾವ ಸೂಪರ್ ಮಾರ್ಕೆಟಿನಲ್ಲೂ ಸಿಗುತ್ತೆ. ಟ್ರೊಮ್ಸೊದಲ್ಲಿ ಇದು ಇನ್ನೂ ಮುಖ್ಯ, ಸಮುದ್ರದ ಬಿಸಿ ಪ್ರವಾಹದಿಂದ ಅಲ್ಲಿ ಚಳಿ ಕಮ್ಮಿ, ಹಿಮ ಕರಗಿ ಮತ್ತೆ ಗಟ್ಟಿಯಾಗಿ ರಸ್ತೆ ಗಾಜಿನಷ್ಟು ಜಾರುತ್ತೆ. ದಪ್ಪ ಹೊರ ಉಡುಪು ಕೊಳ್ಳೋಕೆ ಹೋಗಬೇಡಿ, ಬಾಡಿಗೆಗೆ ಸಿಗುತ್ತೆ.

ಮಾರ್ಚಿಗೆ ಬರೋ ಯೋಚನೆ ಇರೋರು ಮನೆಯನ್ನು ಈಗಲೇ ಕಾದಿರಿಸಿ. ಫೆಬ್ರವರಿ ಮಧ್ಯದಿಂದ ಮಾರ್ಚ್ ಮೊದಲ ಭಾಗದವರೆಗೆ ಇಲ್ಲಿನ ಶಾಲೆಗಳಿಗೆ ಸರದಿಯಲ್ಲಿ ಸ್ಕೀ ರಜೆ, ಫಿನ್ಲೆಂಡಿನವರೆಲ್ಲ ಉತ್ತರಕ್ಕೆ ಹೊರಡ್ತಾರೆ, ಆಗ ಬಾಡಿಗೆಯೂ ಏರುತ್ತೆ. ರೊವಾನಿಯೆಮಿಯವರೆಗೆ ರಾತ್ರಿ ರೈಲು, ಅಲ್ಲಿಂದ ಇನಾರಿಗೆ ಬಸ್ಸು ಇದೆ. ಸಮಯ ಹೊಂದಿಸೋದು ಗೊತ್ತಾಗದಿದ್ರೆ ಇನ್‌ಬಾಕ್ಸಿಗೆ ಬರೀರಿ, ನಾನೇ ಕೂತು ನೋಡಿ ಕೊಡ್ತೀನಿ. ಐದು ಊರಿನ ಪಟ್ಟಿ ಮಾತ್ರ ಕಳಿಸಬೇಡಿ.