ಸ್ಪಷ್ಟನೆ: 7-7 ಅಂದರೆ 14 ಗೋಲಲ್ಲ

ಐರ್ಲೆಂಡಿನ ಕೋಲು-ಚೆಂಡಿನ ಆಟವಾದ ಹರ್ಲಿಂಗ್‌ನ ಆಟಗಾರ ನಿಕ್ಕಿ ರ‍್ಯಾಕರ್ಡ್ 1954ರಲ್ಲಿ ತಮ್ಮ ರಾತ್‌ನ್ಯೂರ್ ಕ್ಲಬ್ಬಿನ ಪರ ಒಂದೇ ಪಂದ್ಯದಲ್ಲಿ 14 ಗೋಲು ಹೊಡೆದರೆಂಬ ಸಂದೇಶ ಹರಿದಾಡುತ್ತಿದೆ. ಪಂದ್ಯ ನಿಜ, ಲೆಕ್ಕ ತಪ್ಪು.

ದಾಖಲೆಯಲ್ಲಿರುವುದು 7-7. ಮೊದಲ ಅಂಕಿ ಗೋಲು, ಎರಡನೆಯದು ಪಾಯಿಂಟ್. ಚೆಂಡು ಅಡ್ಡಪಟ್ಟಿಯ ಕೆಳಗೆ ಬಲೆಗೆ ಹೋದರೆ ಗೋಲು, ಅದಕ್ಕೆ ಮೂರು ಪಾಯಿಂಟ್. ಪಟ್ಟಿಯ ಮೇಲಿಂದ ಎರಡು ಕಂಬಗಳ ನಡುವೆ ಹಾದರೆ ಒಂದೇ ಪಾಯಿಂಟ್. 7 ಗೋಲಿಗೆ 21, ಜೊತೆಗೆ 7, ಒಟ್ಟು 28. ಎರಡನ್ನೂ ಸುಮ್ಮನೆ ಕೂಡಿದವರಿಗೆ 14 ಸಿಕ್ಕಿದೆ. ಗೋಲು ಮಾತ್ರ ಎಣಿಸುವ ಹಾಕಿ ಆಟದ ಕಣ್ಣಿನಿಂದ ನೋಡಿದರೆ ಹೀಗಾಗುವುದು ಸಹಜವೇ.

ಅದು ಕ್ಲಬ್ ಪಂದ್ಯವೂ ಅಲ್ಲ. ಆಂಟ್ರಿಮ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂತೆ) ವಿರುದ್ಧದ ಅಖಿಲ ಐರ್ಲೆಂಡ್ ಟೂರ್ನಿಯ ಸೆಮಿಫೈನಲ್‌ನಲ್ಲಿ ಅವರು ಆಡಿದ್ದು ವೆಕ್ಸ್‌ಫರ್ಡ್ ಕೌಂಟಿಗೆ. ಆಟಗಾರ ಬೆಳೆಯುವುದು ಊರ ಕ್ಲಬ್ಬಿನಲ್ಲಿ. ಕೌಂಟಿ ತಂಡ ಆಯ್ದುಕೊಳ್ಳುವುದು ಆ ಕ್ಲಬ್ಬುಗಳಿಂದಲೇ. ಸಂಬಳದ ಮಾತೇ ಇಲ್ಲ, ನಿಕ್ಕಿ ವೃತ್ತಿಯಿಂದ ಪಶುವೈದ್ಯ.

ಆ ವರ್ಷ ಫೈನಲ್‌ನಲ್ಲಿ ವೆಕ್ಸ್‌ಫರ್ಡ್ ಕಾರ್ಕ್‌ಗೆ ಸೋತಿತು. 1955 ಮತ್ತು 1956ರಲ್ಲಿ ಗೆದ್ದ ತಂಡದಲ್ಲಿ ನಿಕ್ಕಿಯ ಜೊತೆ ತಮ್ಮಂದಿರಾದ ಬಾಬಿ, ಬಿಲ್ಲಿ ಇಬ್ಬರೂ ಇದ್ದರು.