ನೆಲಕ್ಕೆ ಪಾಲು, ಬಿರುದಿಗೆ ಪಾಲಿಲ್ಲ

ಎಮ್ಮೆ ಸತ್ತರೆ ಕೊಟ್ಟಿಗೆಯಲ್ಲಿ ಒಂದು ಗೂಟ ಖಾಲಿ. ಜರ್ಮನಿಯ ಬವೇರಿಯಾದಲ್ಲಿ ಡ್ಯೂಕ್, ಅಂದರೆ ನಾಡಿನ ಒಡೆಯ, ಸತ್ತರೆ ಗೂಟಗಳೇ ಜಾಸ್ತಿಯಾಗುತ್ತಿದ್ದವು.

ವಿಟೆಲ್ಸ್‌ಬಾಖ್ ಮನೆತನಕ್ಕೆ ಬವೇರಿಯಾ ಸಿಕ್ಕಿದ್ದು 1180ರಲ್ಲಿ. ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸಾ ಕೊಟ್ಟಿದ್ದು. 75 ವರ್ಷ ಒಟ್ಟಿಗಿತ್ತು. 1255ರಲ್ಲಿ ಲುಡ್ವಿಗ್, ಹೈನ್ರಿಷ್ ಎಂಬ ಅಣ್ಣತಮ್ಮಂದಿರು ಬೇರೆಯಾದರು. ಮೇಲಿನ ಬವೇರಿಯಾ ಅಣ್ಣನಿಗೆ, ಕೆಳಗಿನದು ತಮ್ಮನಿಗೆ. ಅರ್ಧ ನಾಡಿಗೆ ಅರ್ಧ ಡ್ಯೂಕ್ ಆಗಬೇಕಿತ್ತು, ಅಲ್ವಾ? ಊಹೂಂ. ಇಬ್ಬರೂ ಪೂರ್ತಿ ಡ್ಯೂಕ್‌ಗಳೇ.

ಮುಂದೆ ಇದೇ ಮನೆಯ ಚಕ್ರವರ್ತಿ ಲುಡ್ವಿಗ್ ಹೇಗೋ ಎಲ್ಲ ಒಂದು ಮಾಡಿದ. 1347ರಲ್ಲಿ ಕರಡಿ ಬೇಟೆಗೆ ಹೋದವನು ಅಲ್ಲೇ ಸತ್ತ. ಹಿಂದೆ ಆರು ಗಂಡುಮಕ್ಕಳು. ಅವರಲ್ಲಿ ಇಬ್ಬರ ಹೆಸರು ಮತ್ತೆ ಲುಡ್ವಿಗ್. ಮನೆಯಲ್ಲಿ ಬರ ಇದ್ದದ್ದು ಹೆಸರಿಗೆ, ಡ್ಯೂಕ್‌ಗಳಿಗಲ್ಲ. 1349ರಲ್ಲಿ ಪಾಲು. 1353ರಲ್ಲಿ ಪಾಲಿನ ಪಾಲು. 1392ರಲ್ಲಿ ಮತ್ತೆ ಮೂರು: ಮ್ಯೂನಿಕ್, ಲಾಂಡ್ಸ್‌ಹೂಟ್, ಇಂಗೋಲ್‌ಷ್ಟಾಟ್. ಷ್ಟ್ರೌಬಿಂಗ್ ಎಂಬ ಇನ್ನೊಂದು ತುಂಡಿನ ಡ್ಯೂಕ್ 1425ರಲ್ಲಿ ಮಕ್ಕಳಿಲ್ಲದೆ ಸತ್ತಾಗ ನಾಲ್ಕು ಜನ ದಾಯಾದಿಗಳು ನಾಲ್ಕು ವರ್ಷ ಕಿತ್ತಾಡಿ, ಅದನ್ನೂ ನಾಲ್ಕು ಮಾಡಿಕೊಂಡರು.

ಎಲ್ಲರ ಬಿರುದೂ ಒಂದೇ: ರೈನ್ ತೀರದ ಕೌಂಟ್, ಬವೇರಿಯಾದ ಡ್ಯೂಕ್. ರೈನ್ ತೀರದ ಜಮೀನು 1329ರಲ್ಲೇ ಇನ್ನೊಂದು ಕವಲಿಗೆ ಹೋಗಿತ್ತು. ಆದರೂ ಬಿರುದಿನಲ್ಲಿ ನದಿ ಹರಿಯುತ್ತಲೇ ಇತ್ತು.

ನನಗೆ ಜಾಸ್ತಿ ಇಷ್ಟ ಇಂಗೋಲ್‌ಷ್ಟಾಟ್‌ನ ಗಡ್ಡದ ಲುಡ್ವಿಗ್. 1417ರಲ್ಲಿ ಕೊನ್‌ಸ್ಟಾನ್ಸ್‌ನಲ್ಲಿ ಚರ್ಚಿನ ಮಹಾಸಭೆ ನಡೆಯುತ್ತಿತ್ತು. ಊರಿನ ತುಂಬ ಬಿಷಪ್‌ಗಳು. ಅಲ್ಲೇ ಚಿಕ್ಕಪ್ಪನ ಮಗ, ಲಾಂಡ್ಸ್‌ಹೂಟ್‌ನ ಹೈನ್ರಿಷ್, ಇವನ ಮೇಲೆ ಬಿದ್ದು ಗಾಯ ಮಾಡಿದ. ಲುಡ್ವಿಗ್ ಬದುಕಿಕೊಂಡ. 1443ರಲ್ಲಿ ಅವನನ್ನು ಸೆರೆ ಹಿಡಿದವನು ಸ್ವಂತ ಮಗ. ಅವನ ಹೆಸರೂ ಲುಡ್ವಿಗ್, ಗೂನುಬೆನ್ನಿನವನು. ಎರಡು ವರ್ಷಕ್ಕೆ ಮಗನೇ ಸತ್ತ. ಕೈದಿ ಮುದುಕ ಕೈಯಿಂದ ಕೈಗೆ ದಾಟಿ ಕೊನೆಗೆ ಬಂದದ್ದು ಹೈನ್ರಿಷ್‌ನ ಬಳಿಗೆ. 1447ರಲ್ಲಿ ಬುರ್ಗ್‌ಹೌಸನ್ ಕೋಟೆಯಲ್ಲಿ ಸೆರೆಯಲ್ಲೇ ಸತ್ತ. ಇಂಗೋಲ್‌ಷ್ಟಾಟ್ ಹೈನ್ರಿಷ್‌ನ ಪಾಲಾಯಿತು. ಮೂವತ್ತು ವರ್ಷ ತಡವಾಯಿತು, ಅಷ್ಟೇ.

1503ರಲ್ಲಿ ಲಾಂಡ್ಸ್‌ಹೂಟ್‌ನ ಗಿಯೋರ್ಗ್ ಗಂಡುಮಕ್ಕಳಿಲ್ಲದೆ ಸತ್ತ. ಆಸ್ತಿ ಮಗಳಿಗೆ ಅಂದಿದ್ದ. ಮ್ಯೂನಿಕ್‌ನ ಆಲ್ಬ್ರೆಖ್ಟ್ ಒಪ್ಪಲಿಲ್ಲ. ಯುದ್ಧವಾಯಿತು, ಹಳ್ಳಿಗಳು ಸುಟ್ಟವು. ಬವೇರಿಯಾ ಒಂದಾಯಿತು, ಆದರೆ ಗಿಯೋರ್ಗ್‌ನ ಇಬ್ಬರು ಮೊಮ್ಮಕ್ಕಳಿಗೆ ಅಂತ ಹೊಸದೊಂದು ತುಂಡು ಕತ್ತರಿಸಿ ಕೊಡಬೇಕಾಯಿತು.

ಆಲ್ಬ್ರೆಖ್ಟ್‌ಗೆ ಸಾಕಾಗಿಹೋಗಿತ್ತು. 1506ರಲ್ಲಿ ಕಾನೂನು ತಂದ: ಇನ್ನು ಮೇಲೆ ನಾಡು ಪೂರ್ತಿ ಹಿರಿಮಗನಿಗೆ. ಉಳಿದವರು ಬರೀ ಕೌಂಟ್‌ಗಳು. ಎರಡು ವರ್ಷಕ್ಕೆ ಅವನು ತೀರಿಕೊಂಡ.

ಎರಡನೇ ಮಗ ಸುಮ್ನೆ ಕೂರಲಿಲ್ಲ. ಕಾನೂನು ಬಂದದ್ದು 1506ರಲ್ಲಿ, ನಾನು ಹುಟ್ಟಿದ್ದು 1495ರಲ್ಲಿ, ಅದು ನನಗೆ ಹೇಗೆ ಅನ್ವಯಿಸುತ್ತದೆ ಅಂತ ಪಟ್ಟು ಹಿಡಿದ. ಲಾಂಡ್ಸ್‌ಹೂಟ್ ಸಿಕ್ಕಿತು. ಡ್ಯೂಕ್ ಅನ್ನುವ ಬಿರುದೂ ಸಿಕ್ಕಿತು.

ಹೆಸರು ಏನಂತೀರಾ? ಲುಡ್ವಿಗ್.